ಸ್ವಲ್ಪ ಎಡಕ್ಕೆ

ಗಟ್ಟಿ ಹಿಡ್ಕೊಳ್ಳಿ ಸಾರ್, ಇಲ್ಲಿಂದ ಮೇಲೆ ರಸ್ತೆಯಿಲ್ಲ,
ರಸ್ತೆಯಿತ್ತು ಎಂಬ ನಂಬಿಕೆಯಷ್ಟೇ.
ಜೀಪು ಬ್ಯಾಂಕಿನದು, ಬ್ರೇಕು ಮಾತ್ರ ನನ್ನದು.
ಹಿಂದಿನವರು ತಲೆ ತಗ್ಗಿಸಿ,
ಮೇಲಿನ ಸರಳಿಗೆ ದಾಕ್ಷಿಣ್ಯ ಗೊತ್ತಿಲ್ಲ.

ದಾವಣಗೆರೆಯ ಎಂಟು ಜನ.
ಬಕ್ಕಪ್ಪ ಮೇಷ್ಟ್ರು ನಿವೃತ್ತರಾದ ಖುಷಿಗೆ ಪ್ರವಾಸವಂತೆ.
ಕೊಟ್ರಮ್ಮನವರ ಮಡಿಲಲ್ಲಿ ಮಂಡಕ್ಕಿಯ ಡಬ್ಬಿ,
ಪ್ರತಿ ಕುಲುಕಿಗೂ ಮುಚ್ಚಳದೊಳಗೆ ಸಣ್ಣ ಮಳೆ.

ಮಂಜು ಬಂದರೆ ದುಡ್ಡು ವಾಪಸ್ಸಾ? ಕೇಳಿದ್ದ ಅಳಿಯ,
ಮಡಿಕೇರಿಯಲ್ಲೇ, ಹತ್ತುವ ಮೊದಲೇ.
ಮಂಜನ್ನು ನಾವು ತರುವುದಲ್ಲ ಸಾರ್,
ಅದೇ ನಿಮ್ಮನ್ನು ಇಲ್ಲಿಗೆ ತರುವುದು, ಅಂದಿದ್ದೆ.
ಎಲ್ಲರಿಗೂ ಹೇಳುವ ಮಾತು. ನಗುತ್ತಾರೆ. ನಕ್ಕರು.

ಮಾಂದಲಪಟ್ಟಿಯ ನೆತ್ತಿಯಲ್ಲಿ ಕಂಡದ್ದು ಬಿಳಿ.
ಬೇಲಿಯ ಕಂಬ ಎರಡು, ಮೂರನೆಯದರಲ್ಲಿ ಅರ್ಧ,
ಆಚೆಗೆ ಏನೂ ಇಲ್ಲ.
ಪುಷ್ಪಗಿರಿ ಯಾವ ಕಡೆ? ಕೈ ತೋರಿಸಿದೆ.
ಕೋಟೆಬೆಟ್ಟ? ಕೈ ತೋರಿಸಿದೆ.
ಬಿಳಿಯತ್ತ ಬೆರಳು ಚಾಚಿ ಹೆಸರು ಹೇಳುವುದೂ ಒಂದು ಉದ್ಯೋಗ.
ಮೇಷ್ಟ್ರಿಗೆ ಅರ್ಥವಾಗಿರಬೇಕು,
ಮೂವತ್ತೈದು ವರ್ಷ ಭೂಗೋಳ ಹೇಳಿದವರು,
ಕಾಣದ ಬೆಟ್ಟಗಳಿಗೆ ಒಂದೊಂದಾಗಿ ತಲೆದೂಗಿದರು.

ಮೊಮ್ಮಗಳ ಪಾದಕ್ಕೆ ಇಂಬಳ. ಕಿರುಚಾಟ. ಉಪ್ಪು.
ಅದು ಉದುರಿದ ಜಾಗದಲ್ಲಿ ಕುಂಕುಮದಷ್ಟು ರಕ್ತ.
ಟಿಕೆಟ್ಟಿಲ್ಲದೆ ನೋಡಿದ್ದು ಇದೊಂದೇ, ಎಂದ ಅಳಿಯ.
ಅವನೂ ಒಳ್ಳೆಯವನೇ. ಹಸಿವಾಗಿತ್ತು.

ಇಳಿಯುವಾಗ, ಮೂರನೇ ತಿರುವಿನಲ್ಲಿ,
ಯಾರೋ ಕಂಬಳಿ ಎಳೆದು ಎಬ್ಬಿಸಿದ ಹಾಗೆ
ಬಿಸಿಲು.
ನಿಲ್ಲಿಸಿ, ನಿಲ್ಲಿಸಿ!
ನಾನು ಅಲ್ಲಿ ನಿಲ್ಲಿಸುವುದಿಲ್ಲ.
ಆದರೆ ಎಡಗಾಲು ಕ್ಲಚ್ ತುಳಿದಾಗಿತ್ತು.

ರಸ್ತೆಯಿಂದ ಹೊಳೆಯವರೆಗೆ ಇಳಿಜಾರು ಪೂರಾ ಹಸುರು,
ಸುತ್ತಲಿನ ಕಾಡಿನ ಕಪ್ಪು ಹಸುರಲ್ಲ,
ಎಳೆಯದು, ಒಂದೂ ಮರವಿಲ್ಲದೆ,
ದಟ್ಟ ಕೂದಲ ನಡುವೆ ತೆಗೆದ ಬೈತಲೆಯ ಹಾಗೆ.
ಎಷ್ಟು ಚಂದ! ಯಾರು ಬೆಳೆಸಿದ್ದು ಇದನ್ನ?
ಮಳೆ, ಅಂದೆ.
ಸುಳ್ಳಲ್ಲ.

ಬರೆ ಜರಿದ ರಾತ್ರಿ ಮೊದಲು ಬಂದದ್ದು ಶಬ್ದ, ಲಾರಿಯ ಹಾಗೆ.
ಇಷ್ಟು ಹೊತ್ತಿಗೆ ಯಾರ ಲಾರಿ, ಅಂದುಕೊಂಡು ಮಗ್ಗುಲಾದೆ.
ಬೆಳಗ್ಗೆ ನೋಡಿದರೆ, ಕಾಯಿ ಹೊತ್ತ ಕಾಫಿ ಗಿಡಗಳು
ಸಾಲು ತಪ್ಪದೆ, ನಿಂತ ಹಾಗೆಯೇ,
ಹೊಳೆಯ ಆಚೆ ದಡದಲ್ಲಿದ್ದವು.
ಪೊನ್ನಕ್ಕನ ಮನೆ ಇರಲಿಲ್ಲ.
ಪೊನ್ನಕ್ಕ ಇದ್ದಳು, ರಸ್ತೆಯಲ್ಲಿ, ಕೈಯಲ್ಲಿ ಟಾರ್ಚು,
ಹಗಲಾದರೂ ಆರಿಸಿರಲಿಲ್ಲ.
ಚಂಗಪ್ಪಣ್ಣ ಹಟ್ಟಿಗೆ ಹೋಗಿದ್ದ, ದನ ಬಿಚ್ಚಲು.
ಹನ್ನೊಂದು ದಿನ ಅಗೆದೆವು.
ಕೊರಳ ಗಂಟೆ ಒಂದು ಸಿಕ್ಕಿತು, ಒಳಗೆ ಮಣ್ಣು ತುಂಬಿ.

ಈಗವಳು ಕಾಲೊನಿಯಲ್ಲಿ, ನಲವತ್ತೇಳನೇ ನಂಬರು, ನೀಲಿ ಬಾಗಿಲು.
ಹೋದಾಗೆಲ್ಲ ಕೇಳುವುದು ಒಂದೇ,
ಹುಲ್ಲು ಎಷ್ಟೆತ್ತರ ಬಂತು?
ಮೊಣಕಾಲಿಗೆ, ಅನ್ನುತ್ತೇನೆ.
ದನಕ್ಕೆ ಧಾರಾಳ, ಅನ್ನುತ್ತಾಳೆ.

ಅಣ್ಣಾ, ಒಂದು ಫೋಟೋ.
ಮೊಬೈಲು ನನ್ನ ಕೈಗೆ ಬಂತು.
ಎಂಟೂ ಜನ ಹುಲ್ಲಿಗಿಳಿದು ಒತ್ತಾಗಿ ನಿಂತರು.
ಅಂಗೈಯಗಲದ ಗಾಜಿನಲ್ಲಿ ಎಲ್ಲವೂ ಹಿಡಿಸಿತು,
ಬಿಸಿಲು, ಹೊಳೆ, ಮೋಡದ ನೆರಳು,
ಮೇಷ್ಟ್ರ ಚಪ್ಪಲಿಯ ಕೆಳಗೆ ಹಟ್ಟಿ.

ಸ್ವಲ್ಪ ಎಡಕ್ಕೆ ಬನ್ನಿ, ಅಂದೆ.
ಇಲ್ಲೇ ಚೆನ್ನಾಗಿದೆಯಲ್ಲ?
ಅಲ್ಲಿ ಬೆಳಕು ಸರಿಯಿಲ್ಲ ಸಾರ್.
ಇನ್ನೂ ಸ್ವಲ್ಪ.
ಇನ್ನೊಂದು ಹೆಜ್ಜೆ, ಅಮ್ಮ, ನೀವೂ.
ಹಾಂ. ಸಾಕು.

ನಿಜಕ್ಕೂ ಆ ಕಡೆಯೇ ಬೆಳಕು ಚೆನ್ನಾಗಿತ್ತು.
ಮಂಜಿನ ದುಡ್ಡು ವಸೂಲಾಯಿತು, ಎಂದ ಅಳಿಯ.

ಜೀಪು ಹತ್ತುವ ಮೊದಲು ಕೊಟ್ರಮ್ಮನವರು ಡಬ್ಬಿ ತೆರೆದರು,
ಎರಡೂ ಕೈ ಒಡ್ಡು, ಅಂದರು.
ಒಂದು ಸ್ಟೇರಿಂಗಿಗೆ ಬೇಕಮ್ಮಾ, ಅಂದೆ.
ಹಂಗಾರೆ ಜೇಬು ತೋರ್ಸು.