ಎಷ್ಟು ಜಿ ಬೇಕು

ಮಂಡ್ಯದ ವಿ.ವಿ. ರಸ್ತೆಯಲ್ಲಿ ನನ್ನದೊಂದು ಅಂಗಡಿ,
ಎಂಟಡಿ ಅಗಲ. ಬಂದವರಿಗೆಲ್ಲ ಒಂದೇ ಪಾಠ:
ಟೂಜಿ ಅಂದ್ರೆ ಎತ್ತಿನ ಗಾಡಿ,
ತ್ರೀಜಿ ಮುಚ್ಚಿಹೋದ ಟಾಕೀಸು, ಬೋರ್ಡು ಮಾತ್ರ ಉಳಿದಿದೆ,
ಫೋರ್‌ಜಿ ಪ್ಯಾಸೆಂಜರು ರೈಲು, ನಿಂತು ನಿಂತಾದರೂ ಸೇರಿಸುತ್ತೆ,
ಫೈವ್‌ಜಿ? ಹೊಸ ಹೈವೇ ಸ್ವಾಮಿ,
ಮದ್ದೂರಲ್ಲಿ ವಡೆ ತಿನ್ನೋಕೂ ಇಳಿಸೋದಿಲ್ಲ.

ಇದಕ್ಕೆ ನಗದೆ ಹೋದವರಿಲ್ಲ.
ಆವತ್ತು ಒಬ್ಬ ನಗಲಿಲ್ಲ.
ಕಾಲರಿನ ಮೇಲೆ ಮರದ ಹೊಟ್ಟು, ಕಿವಿಯ ಸಂದಿಗೆ ಪೆನ್ಸಿಲು.
ನಾನು ಇನ್ನೂ ಜೋರಾಗಿ ಹೇಳಿದೆ:
"ವೋಲ್ಟಿ ಇದೆ ಇದರಲ್ಲಿ,
ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳುತ್ತೆ!"
ಪೆನ್ಸಿಲು ತೆಗೆದ. ನನ್ನದೇ ಬಿಲ್ ಪುಸ್ತಕದ ಬೆನ್ನಿಗೆ ಬರೆದ:
ಕೇಳೋದು ಬೇಡ. ಕಾಣಬೇಕು.

ಲಿಂಗಾಚಾರಿ. ಬಾಗಿಲು, ಕಿಟಕಿ, ಮಂಚ.
ಹೆಂಡತಿ ಸುಧಾಮಣಿ ಏಳು ತಿಂಗಳಿಗೆ ತವರಿಗೆ ಹೋಗಿದ್ದಾಳೆ,
ನಾಗಮಂಗಲದ ಕಡೆ, ಬಸ್ಸು ಇಳಿದು ಎರಡು ಮೈಲಿ.
ಅವಳಿಗೂ ಕೇಳಿಸುವುದಿಲ್ಲ.
ಮೈಸೂರಿನ ಶಾಲೆಯಲ್ಲಿ ಕಲಿತ ಕೈಭಾಷೆ ಇಬ್ಬರದೂ,
ಅಲ್ಲೇ ಜಗಳ, ಅಲ್ಲೇ ಮದುವೆಯ ಮಾತು.

ಒಂದು ಸೆಟ್ಟು, ಮೂರು ಸಿಮ್ಮು, ವಿಡಿಯೊ ಕಾಲ್.
ನೀಲಿ ಸಿಮ್ಮಿನಲ್ಲಿ ಅವಳು ಬಂದಳು,
ಕೈ ಎತ್ತಿದಳು, ಅಷ್ಟೆ,
ಎತ್ತಿದ್ದು ಎತ್ತಿದ ಹಾಗೇ ನಿಂತಿತು,
ಬೆರಳೈದೂ ಬಿಡಿಸಿ, ಅಂಗೈ ಅರ್ಧ ತಿರುಗಿಸಿ.
ಲೈನು ಸಿಕ್ಕಿಕೊಂಡರೆ ನಾವಾದರೆ ಹಲೋ ಹಲೋ ಅನ್ನುತ್ತೇವೆ.
ಅವನು ಆ ಕೈಯ ಮುಂದೆ
ಕೊನೇ ಬಸ್ಸಿಗೆ ಕಾಯುವವನ ಹಾಗೆ ನಿಂತ.
ಆಮೇಲೆ ಬರೆದು ತಿಳಿಸಿದ: ಅದು ಬೇಡ ಆಗಬಹುದಿತ್ತು,
ಬಾ ಆಗಬಹುದಿತ್ತು,
ಇನ್ನೊಂದು ಗೇಣು ಇಳಿದಿದ್ದರೆ ಮಗು.

ಕೆಂಪು ಸಿಮ್ಮಿನಲ್ಲಿ ಕೈ ಓಡಿತು, ಆದರೆ ಬೆರಳೆಲ್ಲ ಅಂಟಿಕೊಂಡು,
ಬೆಲ್ಲದ ಕೊಪ್ಪರಿಗೆಯಲ್ಲಿ ಅದ್ದಿ ತೆಗೆದ ಹಾಗೆ.
ಸರ್ಕಾರಿ ಸಿಮ್ಮು ಸುತ್ತಿತು, ಸುತ್ತಿತು, ಗಾಣದ ಎತ್ತು.
ಮತ್ತೆ ನೀಲಿ. ಅವನು ಹೊರಗೆ ಮೋರಿ ಕಲ್ಲಿನ ಮೇಲೆ ನಿಂತ,
ಅಲ್ಲಿ ಅವಳು ನೀರಿನ ತೊಟ್ಟಿಯ ಕಟ್ಟೆ ಹತ್ತಿದಳು.
ಕೈ ಇಳಿಯಿತು.
ಏನಂದಳು ಅಂತ ಕೇಳಿದೆ, ಪೆನ್ಸಿಲು ಅವನ ಕೈಗಿತ್ತು:
ಗ್ಯಾಸ್ ಆಫ್ ಮಾಡಿ ಬಂದ್ಯಾ?

ಹತ್ತು ವರ್ಷದಿಂದ ನಾನು ಇಳಿಯುವ ವೇಗ ಮಾರುತ್ತಿದ್ದೆ,
ಪಿಕ್ಚರ್ ಇಳಿಯುವುದು, ಹಾಡು ಇಳಿಯುವುದು.
ಏರುವ ವೇಗ ಎಷ್ಟು ಅಂತ ಕೇಳಿದವರಿಲ್ಲ.
ಅವಳ ಕೈ ಆ ಕಟ್ಟೆಯಿಂದ ಟವರಿಗೆ ಏರಬೇಕು ಮೊದಲು.
ಬಿಲ್ ಪುಸ್ತಕದಲ್ಲಿ ನಾನೂ ಬರೆದೆ:
ಫೈವ್‌ಜಿ ಆ ಊರಿಗೆ ಬಂದಿಲ್ಲ, ದುಡ್ಡು ದಂಡ.
ದೂರ ಹೋಗೋದು ಕೆಳಗಿನ ಬ್ಯಾಂಡು,
ಅದಿರೋ ಸೆಟ್ಟು ಇದು, ಎರಡು ತಗೋ, ಅವಳಿಗೂ ಒಂದು.
ಹನ್ನೆರಡು ಸಾವಿರದ ಗಿರಾಕಿಯನ್ನು
ನಾನೇ ಏಳಕ್ಕೆ ಇಳಿಸಿದ್ದೆ. ನನ್ನ ಅಕ್ಷರ ಅವನದಕ್ಕಿಂತ ಕೆಟ್ಟದು.

ಹದಿನೈದು ದಿನ. ಮತ್ತೆ ಬಂದ, ಮುಖ ಊದಿಸಿಕೊಂಡು.
ಸಂಜೆ ಆರೂವರೆ ಆದಮೇಲೆ ಕೆಡುತ್ತೆ, ಅಂತ ಚೀಟಿ.
ಸಂಜೆ ಎಲ್ಲರೂ ಕ್ರಿಕೆಟ್ ನೋಡ್ತಾರೆ, ಟವರಿಗೆ ಭಾರ,
ಅಂತ ಶುರುಮಾಡಿದೆ, ಸೆಟ್ಟಿಂಗ್ಸ್ ತೆರೆದೆ,
ಸಿಮ್ಮು ತೆಗೆದು ಉಜ್ಜಿ ಹಾಕಿದೆ.
ಅವನು ತಲೆಯಾಡಿಸಿ, ಎದ್ದು ಹೋಗಿ,
ಅಂಗಡಿಯ ಟ್ಯೂಬ್‌ಲೈಟ್ ಆರಿಸಿದ.

ಕತ್ತಲಲ್ಲಿ ಏನೋ ಹೇಳಿದ.
ತೋಳಿನ ಬಟ್ಟೆ ಸರಿದ ಸದ್ದು ಬಿಟ್ಟರೆ
ನನಗೊಂದೂ ಕೇಳಿಸಲಿಲ್ಲ.

ಪಕ್ಕದ ಎಲೆಕ್ಟ್ರಿಕಲ್ಸಿನಿಂದ ಹನ್ನೆರಡು ವ್ಯಾಟಿನ ಬಲ್ಬು ತಂದೆ,
ಹೋಲ್ಡರು, ವೈರು. ಮನೆ ಗೋಡೆಯಿಂದ ತೊಟ್ಟಿಗೆ
ಎಷ್ಟು ಬೇಕಾಗುತ್ತೆ ಅಂತ ಬೆರಳಾಡಿಸಿ ಕೇಳಿದೆ.
ಅವನು ಎರಡೂ ಕೈ ಚಾಚಿದ, ಒಂದು ಮಾರು,
ಮತ್ತೆ ಚಾಚಿದ, ಇನ್ನೊಂದು,
ಮತ್ತೆ.
ಅಳತೆ ಎಲ್ಲಿ ಮುಗಿದು ಮಾತು ಎಲ್ಲಿ ಶುರುವಾಯಿತೋ,
ಹನ್ನೊಂದು ಮೀಟರು ಅಂತ ಬರೆದುಕೊಂಡೆ.