ಕತ್ತಿಗೆ ಕೊಟ್ಟ ಹೆಣ್ಣು

ನಡಬರಕ ಕುಂದ್ರು, ಸರದಾರ. ಅಂಚಿಗೆ ಆತುಕೋಬ್ಯಾಡ,
ಎಮ್ಮಿ ತೊಗಲಿನ ಹರಗೋಲಿದು, ಮುನಿಸು ಬಹಳ.
ಕೃಷ್ಣೆ ಈ ಆಷಾಢದಾಗ ಎರಡು ಸೀಳಾಗಿ
ಜಲದುರ್ಗದ ಗುಡ್ಡದ ಕುತ್ತಿಗಿ ಹಿಡದಾಳ;
ದಂಡಿ ಕಂಡಷ್ಟು ಹತ್ರ ಇಲ್ಲ.
ಬಾಡಿಗಿ ಆಮ್ಯಾಲ ಕೇಳತೀನಿ.

ನೀ ಹೇಳಿದ್ದೆಲ್ಲ ಕೇಳಿದೆ.
ಲಗ್ನದ ಹಿಂದಿನ ದಿನ ನಿನಗ ಚಳಿಜ್ವರ ಬಂತು,
ಚಿಗಪ್ಪ ನಿನ್ನ ಕತ್ತಿ ಒಯ್ದು ಮೇನೇದಾಗ ಕುಂದ್ರಿಸಿದ,
ಹೆಣ್ಣು ಸುಟ್ಟುಕೊಂಡಳು ಅಂತ ಯಾರೋ ಬಂದು ಅಂದರು,
ನೀ ಅತ್ತಿ. ಅತ್ತದ್ದು ಸುಳ್ಳಲ್ಲ.
ರಟ್ಟೀಗೆ ಕಟ್ಟಿಕೊಂಡಿಯಲ್ಲ ಆ ಅರಿವಿ ಚೂರು,
ಅದು ನಮ್ಮವ್ವ ನೇಯಿಸಿದ ತೋಪತೆನಿ ಸೆರಗು,
ನಾ ಓಡುವಾಗ ಗಂಟಿನ ಕಡೆ ಹರದದ್ದು.
ಹುಟ್ಟು ನನ್ನ ಕೈಯಿಂದ ಜಾರಿದ್ದು ನೀ ಕಂಡಿಲ್ಲ.

ಈಗ ನಂದು ಕೇಳು.
ನಮ್ಮ ಹುಡೇವಿಗೆ ನಲವತ್ತು ಮಂದಿ ಬಂದರು,
ಮೇನೇದಾಗ ಒಂದು ಕತ್ತಿ, ಕತ್ತಿಗೆ ಬಾಸಿಂಗ.
ಐನೋರು ನಕ್ಕೋತ ಅಂದರು: ತಂಗಿ, ಹಿರೇರ ಮಾತಿನಾಗ
ಬಾಳು ಅಂದರ ಕತ್ತಿ, ಇಕಾ, ನಿನಗ ಬಾಳು ಕೊಟ್ಟೀವಿ.
ಅರಿಷಿಣದ ಕೈಲೆ ಮುಟ್ಟಿದೆ. ತಣ್ಣಗಿತ್ತು. ನಾಚಿದೆ.
ಗಂಡನ ಮಾರಿ ಕಾಣದಾಕಿ ಹಿಡಿಕಿ ನೋಡಿದೆ:
ಅಲ್ಲಿ ಹೆಬ್ಬೆರಳು ತೇದು ಒಂದು ಗುಣಿ ಬಿದ್ದಿತ್ತು,
ಅದರಾಗ ನನ್ನ ಬೆರಳಿಟ್ಟುಕೊಂಡು ಕುಂತೆ.
ಅಷ್ಟೇ ನಮ್ಮ ಸಂಸಾರ.

ನಡುರಾತ್ರಿ ಬೀಗರೇ ಅಗಸಿ ತೆರದರು.
ಅಪ್ಪ ಉಟ್ಟ ಮಡಿಯೊಳಗ, ಅಣ್ಣ ಉಂಡ ತಾಟಿನ ಮುಂದ.
ಮದುವಿ ಅಡಗಿಗಂತ ತೆರದ ಹಗೇವು ಮುಚ್ಚಿರಲಿಲ್ಲ,
ಜ್ವಾಳದಾಗ ಕುತ್ತಿಗಿತನ ಹುಗದುಕೊಂಡೆ,
ಎದಿಮ್ಯಾಲ ಗಂಡ. ಮೂರು ದಿನ.
ಹಗೇವಿನ ಗಾಳಿ ಮಂದೀನ ಕೊಲ್ಲತೈತಿ,
ನನ್ನ ಯಾಕ ಬಿಟ್ಟಿತೊ.

ಆಮ್ಯಾಲ ಅಂಬಿಗರ ಗುಂಡವ್ವ ನನ್ನ ಮಗಳಂದಳು.
ಹನ್ನೊಂದು ವರ್ಷ ಈ ಹುಟ್ಟು ಹಾಕೀನಿ:
ಉಪ್ಪಿನ ಶೆಟ್ಟರು, ಫಕೀರರು, ಕುದುರಿ ಕಳಕೊಂಡ ಸವಾರರು,
ಒಬ್ಬೊಬ್ಬರ ಹೆಬ್ಬೆರಳು ನೋಡೀನಿ.
ನಿನ್ನದೂ ನೋಡಿದೆ, ಹತ್ತೂವಾಗ.

ಜ್ವರ ಇತ್ತು, ಒಪ್ಪಿದೆ. ಎಷ್ಟು ದಿನ?
ಒಂಬತ್ತು ಅಂತ ಇಟ್ಟುಕೋ. ಹತ್ತನೇ ದಿನ ನಿನಗ ತಿಳೀತು.
ಅವತ್ತಿನಿಂದ ಇವತ್ತಿನತನ ಆ ಚಿಗಪ್ಪನ ಪಂಕ್ತಿಯೊಳಗ
ಎಷ್ಟು ರೊಟ್ಟಿ ಮುರದಿ?
ಅಳೋದು ಆಮ್ಯಾಲ. ಲೆಕ್ಕ ಹೇಳು.

ತೊಗಲಿನ ಹೊಲಿಗಿ ಬಿಟ್ಟೈತಿ, ನೀರು ಬರಾಕತ್ತೈತಿ.
ತಂಬಿಗಿ ಅಲ್ಲೈತಿ, ಮೊಗಿ.
ಕಾಲಬುಡಕಿನ ಗೋಣಿ ಸರಿಸಬ್ಯಾಡ...
ಸರಿಸಿದಿ. ಹೂಂ, ಅವನೇ.
ಅಮಾಸಿಗೊಮ್ಮೆ ಮಸದೀನಿ, ಕುಸುಬಿ ಎಣ್ಣಿ ಹಚ್ಚೀನಿ,
ಹಾಸಿಗ್ಯಾಗ ಬದಿಗೆ ಮಲಗಿಸಿಕೊಂಡೀನಿ,
ಒಂದು ಸಲನೂ ನನಗ ಸುಳ್ಳು ಹೇಳಿಲ್ಲ.
ನಿನ್ನ ದನಿ ನಾ ಅಂದುಕೊಂಡಂಗೇ ಐತಿ,
ಅದೇ ನನಗ ಸಿಟ್ಟು.

ಬಾಡಿಗಿ ಈಗ ಕೇಳತೀನಿ.
ನಿನ್ನ ಚಿಗಪ್ಪ ಮ್ಯಾಲ ಮಲಗ್ಯಾನ, ಕಿಲ್ಲೇದಾರನಾಗಿ.
ದಿಡ್ಡಿ ಬಾಗಿಲಿಗೆ ಇವತ್ತಿನ ಗುರುತಿನ ಮಾತೊಂದು ಐತಿ,
ನಿನಗ ಗೊತ್ತು. ಇಲ್ಲಿ ಹೇಳಬ್ಯಾಡ,
ನಡುನೀರಿನಾಗ ಗಂಡಸರು ಏನು ಬೇಕಾದ್ದು ಹೇಳತಾರ.
ದಂಡಿ ಮುಟ್ಟಲಿ. ಕಾವಲವ ಯಾರಂತ ಕೂಗಲಿ.
ನೀ ಮುಂದ, ಕತ್ತಿ ನಿನ್ನ ಬೆನ್ನಿಗೆ, ಕತ್ತಿ ಹಿಂದ ನಾನು.
ನೀ ಬಾಯಿ ತೆರದಾಗ ತಿಳೀತೈತಿ
ನನಗ ಗಂಡ ಒಬ್ಬನೋ, ಇಬ್ಬರೋ.

ಮೊಗಿ, ಮೊಗಿ. ಮೊಣಕಾಲಿಗೆ ಬಂತು.