ಉತ್ತರ ಮೇಲೆ

ಕೊಳವೆಯಲ್ಲಿ ಸುತ್ತಿಕೊಂಡು ಬಂತು ಬೆಟ್ಟ,
ಚಿಕ್ಕಮಗಳೂರು ಅರಣ್ಯ ಕಚೇರಿಗೆ.
ಸಹಿ ಹಾಕಿ ಬಿಡಿಸಿದೆ. ಮತ್ತೆ ಸುರುಳಿಯಾಯಿತು.
ನಾಲ್ಕು ಮೂಲೆಗೆ ಹೇರಿದೆ
ಇಂಕುಪ್ಯಾಡು, ಸ್ಟೇಪ್ಲರ್, ಹಾಜರಿ ಪುಸ್ತಕ,
ನನ್ನ ಊಟದ ಡಬ್ಬಿ.

ಆರುನೂರು ಚಿಲ್ಲರೆ ಕಿಲೋಮೀಟರು ಮೇಲಿಂದ,
ಜನವರಿ ಹನ್ನೊಂದು, ಬೆಳಗ್ಗೆ ಹತ್ತೂವರೆ,
ಮೋಡ ಸೊನ್ನೆ, ಎಂದಿದೆ ಅಂಚಿನಲ್ಲಿ.
ಆ ಹತ್ತೂವರೆಗೆ ನಾನು ಇದೇ ಕುರ್ಚಿಯಲ್ಲಿದ್ದೆ,
ಇದೇ ಕಿಟಕಿಯಾಚೆ ಬೆಟ್ಟವಿತ್ತು.
ಇಬ್ಬರಿಗೂ ಗೊತ್ತಾಗಲಿಲ್ಲ
ಪಟ ತೆಗೆದದ್ದು.

ನೋಡಿದರೆ, ಗಿರಿಯೇ ಇಲ್ಲ!
ಚಂದ್ರದ್ರೋಣ ಇರಬೇಕಾದಲ್ಲಿ ಬಾಗಿದ ಕಂದಕ.
ಮುಳ್ಳಯ್ಯನಗಿರಿ ಒಂದು ಗುಂಡಿ.
ಜಾಗರದ ಕಣಿವೆ ಉಬ್ಬಿದೆ ಬಸುರಿನ ಹಾಗೆ,
ಹಳ್ಳಗಳು ನೆತ್ತಿಯ ಮೇಲೆ ಹರಿಯುತ್ತಿವೆ.
ಕನ್ನಡಕ ಒರೆಸಿದೆ. ಮತ್ತೂ ಗುಂಡಿ.
ಏನಂತ ಬರೆಯಲಿ ಮೇಲಿನವರಿಗೆ?
'ತಮ್ಮ ಉಪಗ್ರಹಕ್ಕೆ ನಮ್ಮ ಬೆಟ್ಟ
ಹಳ್ಳವಾಗಿ ಕಂಡಿರುವುದರಿಂದ
ಮುಂದಿನ ಸೂಕ್ತ ಕ್ರಮಕ್ಕಾಗಿ...'

ಬೆಂಕಿರೇಖೆ ಗುರುತಿಸಲು ಬಂದರು ಖಲಂದರ್ ಸಾಬರು,
ಅತ್ತಿಗುಂಡಿಯವರು, ಮೂವತ್ತೆರಡು ವರ್ಷದ ವಾಚರ್.
ಕೈ ಬೆನ್ನಿಗೆ ಕಟ್ಟಿ ನಿಂತು ನೋಡಿದರು.
ಒಂದೊಂದೇ ಭಾರ ತೆಗೆದಿಟ್ಟು,
ಡಬ್ಬಿಯನ್ನು ಮಾತ್ರ ಎರಡೂ ಕೈಯಲ್ಲಿ,
ಹಾಳೆಯನ್ನು ಪೂರಾ ತಿರುಗಿಸಿದರು.

ಬೆಟ್ಟ ಎದ್ದಿತು.
ಮಲಗಿದ್ದ ಎಮ್ಮೆ ಹಿಂಗಾಲು ಮೊದಲೆತ್ತಿ
ಮೈ ಕೊಡವಿ ಏಳುವಂತೆ ಎದ್ದಿತು,
ಬೆನ್ನಮೂಳೆ, ಪಕ್ಕೆ, ಎಲ್ಲ.

"ಬಿಸಿಲು ತೆಂಕಲಿಂದ ಬಿದ್ದಿದೆ ಮೇಡಂ.
ಕಣ್ಣಿಗೇನು ಗೊತ್ತು,
ದೀಪ ಯಾವತ್ತೂ ತಲೆಯ ಕಡೆಗಿದೆ ಅಂದುಕೊಳ್ಳುತ್ತೆ."
ಅಷ್ಟು ಹೇಳಿ ಪೆನ್ಸಿಲ್ ಕೇಳಿದರು.

ಈಗ ಕಂಡಿತು ಅರೆಚಂದ್ರ, ದೊನ್ನೆಯ ಹಾಗೆ.
ಆ ಹೆಸರಿಟ್ಟವರು ಯಾರೋ,
ಹದ್ದಿನ ಬೆನ್ನೇರಿದವರಲ್ಲ.
ಸುತ್ತಿರಬೇಕು, ಬುತ್ತಿ ಕಟ್ಟಿಕೊಂಡು, ದಿನಗಟ್ಟಲೆ.
ಎಡಗೆನ್ನೆಯ ಬಿಸಿಲು ಬಲಗೆನ್ನೆಗೆ ಬಂದಾಗ
ಓಹೋ, ಇದು ಬಾಗಿದೆ, ಎಂದು
ಹೊಳೆದಿರಬೇಕು.
ಅದು ಕಾಲು ತೆಗೆದ ಪಟ.

ಸಾಬರು ಗೆರೆ ಎಳೆಯುತ್ತ ಹೋದರು.
ತಮ್ಮ ಮನೆ ಹುಡುಕಲಿಲ್ಲ.
ಉಗುರಿನಷ್ಟು ಬೂದು ಕಲೆಯ ಹತ್ತಿರ ನಿಂತರು:
"ಇದು ಆ ವರ್ಷದ ಮಾರ್ಚಿನದು.
ಹುಲ್ಲು ಬಂತು. ಶೋಲ ಬರಲಿಲ್ಲ."
ಅವರ ಎಡಹುಬ್ಬೂ ಬಂದಿಲ್ಲ, ಆಮೇಲೆ.
ಆರುನೂರು ಕಿಲೋಮೀಟರಿನಿಂದ ಕಾಣುವುದು
ಕಲೆ ಮಾತ್ರ.

ಸಂಜೆ ಸಾಹೇಬರು ಬಂದು
"ಉತ್ತರ ಮೇಲಿರಬೇಕು ಕಣ್ರೀ" ಎಂದರು.
ಹಾಗೇ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆಸಿದರು.
ಈಗಲೂ ಅಲ್ಲಿ ಗುಂಡಿಯೇ ಇದೆ.

ಫೈಲು ಹಿಡಿದು ದಾಟುವಾಗೆಲ್ಲ
ಕತ್ತು ವಾರೆ ಮಾಡಿ, ಸೊಂಟ ಬಗ್ಗಿಸಿ
ಒಂದು ಕ್ಷಣ ಬೆಟ್ಟವನ್ನು ಎಬ್ಬಿಸುತ್ತೇನೆ.
"ಕತ್ತು ನೋವಾ?" ಕೇಳುತ್ತಾರೆ ಕ್ಯಾಶಿಯರ್ ವಿಮಲಾಕ್ಷಿ.
ಹೂಂ, ಅನ್ನುತ್ತೇನೆ.